ಸೇತುವೆ ಬಂದ ಕೂಡ್ಲೇ ಮುಗಿಯುವ ಸೈಕಲ್ ಹಾದಿ

"ಅಮೆರಿಕದಲ್ಲಾದ್ರೆ ಸಮುದ್ರದ ಮೇಲೂ ಸೈಕಲ್ ಟ್ರ್ಯಾಕ್ ಇರತ್ತಂತೆ. ನಮ್ಮಲ್ಲಿ ಅದೆಲ್ಲ ಎಲ್ಲಿ ಸಾಧ್ಯ ಮಾರಾಯ?" ಅಂತ ಊರಿಂದ ಗೆಳೆಯ ಫೋನಲ್ಲಿ ಹೇಳಿದ. ನಾನು ಆಗಷ್ಟೇ ಫ್ಲೋರಿಡಾದ ಕೀಸ್ ದ್ವೀಪಗಳಲ್ಲಿ ಒಂದು ದಿನ ಸೈಕಲ್ ಹೊಡೆದು ಬಂದಿದ್ದೆ. ಅವನ ಮೊದಲ ಮಾತು ಅರ್ಧ ನಿಜ. ಎರಡನೇದು ಪೂರ್ತಿ ಸುಳ್ಳು. ಅದಕ್ಕೇ ಈ ಬರಹ.

ಮೊದಲು ಜಾಗದ ಬಗ್ಗೆ ಸ್ವಲ್ಪ. ಫ್ಲೋರಿಡಾದ ದಕ್ಷಿಣ ತುದಿಯಿಂದ ಸಮುದ್ರದೊಳಗೆ ಸಾಲಾಗಿ ಪುಟ್ಟ ಪುಟ್ಟ ದ್ವೀಪಗಳು. ಹೆನ್ರಿ ಫ್ಲ್ಯಾಗ್ಲರ್ ಅನ್ನೋ ಸಾಹುಕಾರ ಈ ದ್ವೀಪಗಳಿಗೆಲ್ಲ ಸೇತುವೆ ಕಟ್ಟಿಸಿ 1912ರಲ್ಲಿ ಕೀ ವೆಸ್ಟ್ ತನಕ ರೈಲು ಓಡಿಸಿದ. 1935ರ ಚಂಡಮಾರುತ ಆ ಹಳಿಗಳನ್ನ ಕಿತ್ತು ಹಾಕಿತು, 400ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಉಳಿದ ರೈಲು ಸೇತುವೆಗಳ ಮೇಲೇ ರಸ್ತೆ ಮಾಡಿ 1938ರಲ್ಲಿ ಕಾರುಗಳನ್ನ ಬಿಟ್ಟರು. ಮುಂದೆ ಪಕ್ಕದಲ್ಲೇ ಹೊಸ ಸೇತುವೆಗಳು ಬಂದವು. ಹಳೇವುಗಳಲ್ಲಿ ಹಲವು ಈಗ 'ಓವರ್‌ಸೀಸ್ ಹೆರಿಟೇಜ್ ಟ್ರೇಲ್' ಅನ್ನೋ ನಡಿಗೆ-ಸೈಕಲ್ ಹಾದಿಯ ಭಾಗ. ಕೀ ಲಾರ್ಗೋದಿಂದ ಕೀ ವೆಸ್ಟ್‌ಗೆ 106 ಮೈಲಿ ಅಂತ ಯೋಜನೆ.

ನಾನು ಹೋಗಿದ್ದು ಮ್ಯಾರಥಾನ್ ಅನ್ನೋ ಊರಿಂದ ಕೀ ವೆಸ್ಟ್‌ಗೆ, ಹೆಚ್ಚುಕಮ್ಮಿ 80 ಕಿಲೋಮೀಟರ್. ಬೆಳಿಗ್ಗೆ ಬೆಳಿಗ್ಗೆ ಹಳೇ 'ಸೆವೆನ್ ಮೈಲ್ ಬ್ರಿಜ್' ಹತ್ತಿದೆ. ಕಾರಿಲ್ಲ, ಹಾರ್ನಿಲ್ಲ, ಎರಡೂ ಕಡೆ ಹಸಿರು-ನೀಲಿ ನೀರು. ನಮ್ಮ ಮರವಂತೆ ನೆನಪಾಯ್ತು. ಪಿಜನ್ ಕೀ ಅನ್ನೋ ಚುಕ್ಕಿಯಂಥ ದ್ವೀಪದವರೆಗೆ 2.2 ಮೈಲಿ. 4.4 ಕೋಟಿ ಡಾಲರ್ ಖರ್ಚು ಮಾಡಿ ರಿಪೇರಿ ಮಾಡಿ 2022ರಲ್ಲಿ ಮತ್ತೆ ತೆರೆದಿದ್ದಾರೆ. ನೋಡೋಕೆ ಸೊಗಸೇ ಸೊಗಸು.

ಆದ್ರೆ ಅಲ್ಲಿಗೆ ಮುಗೀತು. ಮುಂದಕ್ಕೆ ಹಳೇ ಸೇತುವೆಯಲ್ಲಿ ದಾರಿ ಇಲ್ಲ. ಕೀ ವೆಸ್ಟ್‌ಗೆ ಹೋಗೋನು ವಾಪಸ್ ಬಂದು 1982ರಲ್ಲಿ ಕಟ್ಟಿದ ಹೊಸ ಸೇತುವೆಯನ್ನೇ ಹತ್ತಬೇಕು. ಸುಮಾರು 11 ಕಿಲೋಮೀಟರ್. ಗಂಟೆಗೆ 55 ಮೈಲಿ ಅಂದ್ರೆ 88 ಕಿಲೋಮೀಟರ್ ವೇಗದ ರಸ್ತೆ. ಸೈಕಲಿಗೆ ಇರೋದು ಬಿಳಿ ಗೆರೆಯಾಚೆ ಒಂದು ಪಟ್ಟಿ, ಅದರ ಪಕ್ಕ ಕಾಂಕ್ರೀಟ್ ಗೋಡೆ, ಆಮೇಲೆ ಸಮುದ್ರ. ನನ್ನ ಗ್ರಹಚಾರಕ್ಕೆ ಸರಿಯಾಗಿ ನಡುವೆ ಪಂಕ್ಚರ್! ಲಾರಿ ಟಯರಿಂದ ಬಿದ್ದ ತಂತಿ ಚುಚ್ಚಿತ್ತು. ಗೋಡೆಗೆ ಒರಗಿ ಕೂತು ಟ್ಯೂಬ್ ಬದಲಾಯಿಸೋಕೆ 20 ನಿಮಿಷ. ಬೋಟ್ ಎಳ್ಕೊಂಡು ಹೋಗೋ ಗಾಡಿಗಳು ಕೈಚಾಚಿದರೆ ಸಿಗುವಷ್ಟು ಹತ್ತಿರ ಹಾದುಹೋದಾಗಲೆಲ್ಲ ಸೇತುವೆ ಅದುರ್ತಿತ್ತು. ನನ್ನ ಕೈಯೂ.

ಆಗ ಅನ್ನಿಸಿದ್ದು ಇಷ್ಟೇ. ಇವರು ಸೈಕಲ್ ಸವಾರರಿಗೆ ಕೊಟ್ಟಿದ್ದು ಕಾರುಗಳು ಬೇಡ ಅಂತ ಬಿಟ್ಟ ಹಳೇ ಸೇತುವೆಗಳನ್ನ. ಬಿಟ್ಟಿದ್ದು ಸಿಕ್ಕ ಕಡೆ ಹಾದಿ ಇದೆ, ಸಿಗದ ಕಡೆ ಇಲ್ಲ. ಹಾದಿ ಅತಿ ಹೆಚ್ಚು ಬೇಕಾಗಿರೋ ಜಾಗದಲ್ಲೇ ಇಲ್ಲ! 1982ರಲ್ಲಿ ಸೇತುವೆ ಕಟ್ಟುವಾಗಲೇ ಇನ್ನೊಂದೆರಡು ಮೀಟರ್ ಅಗಲ ಮಾಡಿದ್ರೆ ಕೆಲಸ ಮುಗೀತಿತ್ತು. ಈಗ ಸಮುದ್ರದ ಮಧ್ಯೆ ಹೊಸದಾಗಿ ಸೇರಿಸೋದು ಸುಲಭವೇ? ಸಾಫ್ಟ್‌ವೇರಿನವರಿಗೆ ಗೊತ್ತು, ರಿಕ್ವೈರ್‌ಮೆಂಟಲ್ಲಿ ಇಲ್ಲದ್ದನ್ನ ರಿಲೀಸ್ ಆದ್ಮೇಲೆ ತುರುಕೋ ಕಷ್ಟ :)

ಮುಂದೆ ಬಿಗ್ ಪೈನ್ ಕೀ. ಅಲ್ಲಿ ದೊಡ್ಡ ನಾಯಿಯಷ್ಟೇ ಗಾತ್ರದ ಅಪರೂಪದ 'ಕೀ ಡೀರ್' ಜಿಂಕೆಗಳಿವೆ. ಅವುಗಳಿಗೋಸ್ಕರ ಹೆದ್ದಾರಿಯ ವೇಗ ಹಗಲು 45 ಮೈಲಿ, ರಾತ್ರಿ 35. ದಾಟೋಕೆ ರಸ್ತೆ ಕೆಳಗೆ ಅಂಡರ್‌ಪಾಸ್ ಕೂಡ ಇದೆ. ತುಂಬಾ ಖುಷಿಯಾಯ್ತು. ಜೊತೆಗೆ ಸಿಟ್ಟೂ ಬಂತು. ಜಿಂಕೆಗೋಸ್ಕರ ಕಾರು ನಿಧಾನ ಆಗಬಹುದು ಅಂತಾದ್ರೆ ಮನುಷ್ಯನಿಗೋಸ್ಕರ ಯಾಕಾಗಲ್ಲ? ಸಂಜೆ ಕೀ ವೆಸ್ಟ್ ಹತ್ತಿರ ಬರುವಾಗ ನನ್ನೆದುರು ಸೈಕಲಲ್ಲಿ ಬಂದ ಇಬ್ಬರು ಪ್ರವಾಸಿಗಳಲ್ಲ. ಹೋಟೆಲ್ ಅಡುಗೆಮನೆಯ ಬಟ್ಟೆ ಹಾಕಿದ್ದ ಕೆಲಸಗಾರರು. ನನಗೆ ಅದು ಒಂದು ದಿನದ ಶೋಕಿ. ಅವರಿಗೆ ದಿನಾ.

ಈಗ ನಮ್ಮೂರಿಗೆ ಬರೋಣ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ನಾನು ಎಂಟನೇ ಕ್ಲಾಸಲ್ಲಿದ್ದಾಗ ಸರ್ಕಾರದ ಸೈಕಲ್ ಸಿಕ್ಕಿತ್ತು (2006-07ರಲ್ಲಿ ಶುರುವಾದ ಯೋಜನೆ). ಅದರಲ್ಲೇ ಶಾಲೆಗೆ ಹೋಗ್ತಿದ್ದೆ. ಆಮೇಲೆ ರಸ್ತೆ ನಾಲ್ಕು ಪಥ ಆಯ್ತು. ಈಗ ಚಿಕ್ಕಪ್ಪನ ಮಗಳು ಹೈಸ್ಕೂಲಲ್ಲಿದ್ದಾಳೆ, ಮನೆಯಲ್ಲಿ ಸೈಕಲ್ ಇದೆ, ಆದ್ರೆ ಚಿಕ್ಕಮ್ಮ ಹೆದ್ದಾರಿಗೆ ಬಿಡಲ್ಲ. ಚಿಕ್ಕಮ್ಮ ಹೆದರೋದು ತಪ್ಪು ಅಂತ ನಾನು ಹೇಳಲಾರೆ. ನಮ್ಮ ಮನೆ ಹತ್ತಿರ ಡಿವೈಡರ್ ದಾಟೋಕೆ ಜಾಗ ದೂರ ಇರೋದ್ರಿಂದ ಮೀನು ಬುಟ್ಟಿ ಹೊತ್ತ ಹೆಂಗಸರು, ಸೈಕಲಿನವರು ಎಲ್ಲರೂ ಎದುರು ದಿಕ್ಕಿನಲ್ಲೇ ಬರ್ತಾರೆ. ಅಪಘಾತ ಆದ್ರೆ "ರಾಂಗ್ ಸೈಡಲ್ಲಿ ಬಂದ" ಅಂತ ಒಂದೇ ಮಾತಲ್ಲಿ ಮುಗಿಸ್ತೀವಿ. ಅವರಿಗೆ ಸರಿಯಾದ ಸೈಡ್ ಎಲ್ಲಿಟ್ಟಿದ್ದೀವಿ ಅಂತ ಯಾರೂ ಕೇಳಲ್ಲ.

"ನಮ್ಮದು ಬಡ ದೇಶ, ಸೈಕಲ್ ಟ್ರ್ಯಾಕಿಗೆ ದುಡ್ಡೆಲ್ಲಿ?" ಅನ್ನೋರಿಗೆ ನನ್ನ ಉತ್ತರ: ದುಡ್ಡಿರೋ ದೇಶದಲ್ಲೂ ಹಾದಿ ಸೇತುವೆ ಹತ್ತಿರ ತುಂಡಾಗಿದೆ, ನೋಡ್ಕೊಂಡು ಬಂದಿದ್ದೀನಿ. ಅಲ್ಲಿ ಇಲ್ಲದೇ ಇದ್ದದ್ದು ದುಡ್ಡಲ್ಲ, ಕಟ್ಟುವಾಗ ಸೈಕಲಿನವನ ನೆನಪು. ಹೆದ್ದಾರಿಗೆ ಜಮೀನು ತಗೊಳ್ಳೋಕೆ, ಸೇತುವೆ ಕಟ್ಟೋಕೆ, ಟೋಲ್ ಗೇಟ್ ಹಾಕೋಕೆ ನಮ್ಮಲ್ಲೂ ದುಡ್ಡಿತ್ತು ತಾನೇ?

ನನಗೆ ಪಿಜನ್ ಕೀ ಥರದ ಚಂದದ ಟ್ರ್ಯಾಕ್ ಬೇಡ. ಹೊಸದಾಗಿ ಕಟ್ಟೋ ಪ್ರತಿ ಸೇತುವೆಯಲ್ಲಿ ಗೋಡೆಯಿಂದ ಬೇರ್ಪಟ್ಟ ಎರಡು ಮೀಟರ್ ಜಾಗ, ಊರು ಬಂದಲ್ಲಿ ದಾಟೋಕೆ ಒಂದು ದಾರಿ. ಇಷ್ಟು ಸಾಕು. ಆ ಹೊಸ ಸೇತುವೆಯ ಬಿಳಿ ಗೆರೆಯ ಪಟ್ಟಿ ಇಲ್ದಿದ್ರೆ ಇದನ್ನ ಬರೆಯೋಕೆ ನಾನು ಇರ್ತಿರಲಿಲ್ಲವೇನೋ. ಅಷ್ಟು ಪಟ್ಟಿಯೂ ನಮ್ಮೂರ ಸೇತುವೆಯಲ್ಲಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಮರವಂತೆಯಲ್ಲಿ ಸೈಕಲ್ ಹೊಡೀಬೇಕು ಅಂತಿದ್ದೀನಿ, ತಂಗಿಯ ಜೊತೆ. ಚಿಕ್ಕಮ್ಮನಿಗೆ ಏನು ಹೇಳಿ ಒಪ್ಪಿಸಲಿ, ನೀವೇ ಹೇಳಿ.