ತಿದ್ದುವವರದ್ದು ಉದ್ರಿ ಖಾತೆಯೇ?

ಕನ್ನಡ ಪುಸ್ತಕ ತಿದ್ದಿಯೇ ಜೀವನ ಮಾಡ್ತೀವಿ ಅಂತ ಹೊರಡುವವರು ಈಗಲೂ ಇದ್ದಾರೆ. ಸಂಬಳ ಕೊಟ್ಟು ಸಂಪಾದಕರನ್ನು ಇಟ್ಟುಕೊಂಡ ಪ್ರಕಾಶಕರು ಕಡಿಮೆ. ಪುಟಕ್ಕಿಷ್ಟು ಎಂಬ ಲೆಕ್ಕದಲ್ಲಿ ಕೆಲಸ ಹೊರಗಿನವರಿಗೆ ಹೋಗುತ್ತದೆ. ಹಾಸನಕ್ಕೆ ಹೊರಟವನು ‘ಆಸನಕ್ಕೆ’ ಹೋಗದಂತೆ ನೋಡಿಕೊಳ್ಳಬೇಕು. ಮೂರನೇ ಅಧ್ಯಾಯದಲ್ಲಿ ಸತ್ತ ಅಜ್ಜಿ ಏಳನೆಯದರಲ್ಲಿ ಕಾಫಿ ಕುಡಿಯುತ್ತಿದ್ದರೆ ಹಿಡಿಯಬೇಕಾದವರೂ ಇವರೇ. ‘ನುಡಿ’ಯಲ್ಲಿ ಟೈಪಾದದ್ದು ಯೂನಿಕೋಡಿಗೆ ಬರುವಾಗ ಒತ್ತಕ್ಷರ, ಅರ್ಕಾವತ್ತು ಚೆಲ್ಲಾಪಿಲ್ಲಿಯಾದರೆ ಮತ್ತೊಂದು ಸುತ್ತು. ಅದಕ್ಕೆ ಬೇರೆ ದುಡ್ಡು ಕೊಡುವವರುಂಟೇ?

ಕೂಲಿ ಕೇಳಿದರೆ ‘ಲೈಬ್ರರಿ ಬಿಲ್ ಬರ್ಲಿ ಸ್ವಾಮಿ’ ಎಂಬ ಉತ್ತರ. ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಹಣ ತಿಂಗಳುಗಟ್ಟಲೆ ತಡವಾದದ್ದುಂಟು, ನಿಜ. ಆದರೆ ಕಾಗದದವನು, ಬೈಂಡಿಂಗಿನವನು ಅಲ್ಲಿವರೆಗೆ ಕಾಯ್ತಾನಾ? ‘ಇಂದು ನಗದು, ನಾಳೆ ಉದ್ರಿ’ ಎಂದು ಬೋರ್ಡು ತೂಗುಹಾಕಲು ತಿದ್ದುವವರಿಗೆ ಅಂಗಡಿಯೂ ಇಲ್ಲ, ಪಾಪ. ಅರ್ಧ ಮುಂಗಡ, ಮಿಕ್ಕದ್ದು ಕಡೆಯ ಕರಡು ಒಪ್ಪಿಸುವ ದಿನ ಎಂದು ಅವರು ಮೊದಲೇ ಬರೆಸಿಕೊಳ್ಳಲಿ. ಪ್ರಕಾಶಕರೂ ಪುಸ್ತಕಕ್ಕೆ ಬೆಲೆ ಕಟ್ಟುವಾಗಲೇ ಈ ಕೂಲಿ ಸೇರಿಸಲಿ. ಮುದ್ರಣಾಲಯದ ಹೆಸರು ಹಾಕುವ ಪುಟದಲ್ಲಿ ತಿದ್ದಿದವರ ಹೆಸರಿಗೂ ಒಂದು ಸಾಲು ಜಾಗ ಇದ್ದೇ ಇದೆ.