ಮಲೆನಾಡಿನ ಬೇಸಗೆಯೂ ಮನೆಯ ನಾಯಿಯೂ

2025ನೆಯ ಇಸವಿಯ ಆಗಸ್ಟ್ ತಿಂಗಳಿನಿಂದೀಚೆಗೆ ನಾಯಿಯ ವಿಷಯವಾಗಿ ನಮ್ಮ ದೇಶದಲ್ಲಿ ನಡೆದಿರುವಷ್ಟು ವಾದವಿವಾದ ಹಿಂದೆಂದೂ ನಡೆದಿರಲಾರದು. ಆ ತಿಂಗಳ 11ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು ದೆಹಲಿಯ ಸುತ್ತಣ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಕೇಂದ್ರಗಳಲ್ಲಿರಿಸಬೇಕೆಂದು ಆಜ್ಞಾಪಿಸಿತು. 22ರಂದು ಮೂವರು ನ್ಯಾಯಮೂರ್ತಿಗಳ ಪೀಠವು ಅದನ್ನು ತಿದ್ದಿ, ಹುಚ್ಚು ಹಿಡಿದವನ್ನೂ ಮೇಲೆರಗುವ ಸ್ವಭಾವದವನ್ನೂ ಬಿಟ್ಟು ಮಿಕ್ಕವನ್ನು ಸಂತಾನಹರಣ ಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಸ್ಥಳದಲ್ಲಿಯೇ ಬಿಡಬೇಕೆಂದಿತು. ನವೆಂಬರ್ 7ರ ಆಜ್ಞೆಯು ಶಾಲೆ, ಆಸ್ಪತ್ರೆ, ಬಸ್ಸು ಮತ್ತು ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆರವುಗೊಳಿಸುವಂತೆ ವಿಧಿಸಿತು. ಪರ ವಿರೋಧಗಳೆರಡರಲ್ಲಿಯೂ ಕಾವೇರಿದ ಮಾತು ಬಹಳ ಬಂದಿದೆ. ಆದರೆ ಆ ಮಾತೆಲ್ಲ ನಗರದ ಬೀದಿಯನ್ನು ಕಣ್ಣ ಮುಂದಿಟ್ಟುಕೊಂಡು ಆಡಿದ್ದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಒಂಟಿಮನೆಗಳಲ್ಲಿ ನಾಯಿಯ ಪ್ರಶ್ನೆಯ ಸ್ವರೂಪವೇ ಬೇರೆ. ಬೇಸಗೆಯಲ್ಲಂತೂ ಅದು ಮನೆಮಂದಿಯ ಆರೋಗ್ಯದ ಪ್ರಶ್ನೆಯೂ ಆಗಿದೆ.

2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ನಾಯಿಗಳನ್ನು ಎರಡು ಪಂಗಡ ಮಾಡಿವೆ: ಒಡೆಯನ ಮನೆಯಲ್ಲಿರುವ ಸಾಕುನಾಯಿ ಒಂದು, ಬೀದಿಯಲ್ಲಿರುವ ಸಮುದಾಯದ ನಾಯಿ ಮತ್ತೊಂದು. ಮಲೆನಾಡಿನ ತೋಟದ ಮನೆಯ ನಾಯಿ ಈ ಎರಡು ಪಂಗಡಗಳ ನಡುವಣದು. ಅದಕ್ಕೆ ಹೆಸರುಂಟು, ಅನ್ನವುಂಟು, ಒಡೆಯನುಂಟು. ಬೇಲಿ ಮಾತ್ರ ಇಲ್ಲ. ಬೆಳಗಾದರೆ ಗೊಬ್ಬರದ ಗುಂಡಿ, ಅಡಕೆಯ ತೋಟ, ಅದರಾಚೆಯ ಸೊಪ್ಪಿನ ಬೆಟ್ಟ, ಮತ್ತೂ ಆಚೆಯ ಕಾಡು, ಇಷ್ಟೂ ಅದರ ಸಂಚಾರದ ಸೀಮೆ. ಬೈಗಾದರೆ ಜಗುಲಿಯ ಮೂಲೆಯಲ್ಲಿ, ಮಕ್ಕಳ ಮಗ್ಗುಲಲ್ಲಿ ಬಂದು ಮಲಗುತ್ತದೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುತ್ತಿಯ ನಾಯಿ ಹುಲಿಯನಿಗೆ ಮನುಷ್ಯಪಾತ್ರಗಳ ಸಾಲಿನಲ್ಲಿಯೇ ಎಡೆ ಕೊಟ್ಟದ್ದು ಬರಿಯ ಕವಿಸಮಯವಲ್ಲ. ಈ ಸೀಮೆಯಲ್ಲಿ ನಾಯಿ ಸಂಸಾರದ ಒಂದು ಅಂಗವೇ ಸರಿ.

ಈ ಸಂಚಾರಸ್ವಾತಂತ್ರ್ಯವು ಮಳೆಗಾಲದಲ್ಲಿ ಅಷ್ಟೇನೂ ಚಿಂತೆಗೆ ಕಾರಣವಾಗದು. ಬೇಸಗೆಯ ಮಾತು ಹಾಗಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಗಿ, ಆ ಕಾಡಿನ ಹೆಸರಿನಿಂದಲೇ ಲೋಕಪ್ರಸಿದ್ಧವಾದ ಮಂಗನ ಕಾಯಿಲೆ ಈ ಮೂರು ತಾಲ್ಲೂಕುಗಳಿಗೂ ಕಾಲಿಟ್ಟಿದೆ. 2024ರ ಮೊದಲ ತಿಂಗಳುಗಳಲ್ಲಿ ಶೃಂಗೇರಿ ತಾಲ್ಲೂಕಿನ ವೃದ್ಧರೊಬ್ಬರು ಅದಕ್ಕೆ ಬಲಿಯಾದರು. ಈ ರೋಗದ ವಿಷಾಣುವನ್ನು ಹೊತ್ತು ತಿರುಗುವುದು ಉಣುಗು. ಅದರ ಬಾಳಿನಲ್ಲಿ ಮೂರು ಅವಸ್ಥೆಗಳು: ಮಳೆ ತಗ್ಗಿದ ಮೇಲೆ ಮೊಟ್ಟೆಯೊಡೆದ ಮರಿ ಇಲಿ ಹಕ್ಕಿಗಳ ರಕ್ತ ಹೀರುತ್ತದೆ; ಚಳಿಗಾಲದಿಂದ ಬೇಸಗೆಯ ಕೊನೆಯವರೆಗೆ ಅದು ಎಳ್ಳುಕಾಳಿನಷ್ಟು ಗಾತ್ರದ ಎಳೆಯ ಉಣುಗಾಗಿ ತರಗೆಲೆಯ ಮೇಲೆ ಕಾದಿದ್ದು ಮಂಗಕ್ಕೂ ಮನುಷ್ಯನಿಗೂ ಹತ್ತುತ್ತದೆ; ಬಲಿತ ಮೇಲೆ ದನಗಳಂಥ ದೊಡ್ಡ ಪ್ರಾಣಿಗಳನ್ನು ಆಶ್ರಯಿಸುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗಿನ ಅವಧಿಯನ್ನು ಮಂಗನ ಕಾಯಿಲೆಯ ಕಾಲವೆನ್ನುವುದು ಈ ಎಳೆಯ ಉಣುಗಿನ ದೆಸೆಯಿಂದಲೇ. ಸೋಂಕು ತಗುಲಿದ ಮಂಗ ಸತ್ತು ಬಿದ್ದಾಗ ಅದರ ಮೈಯ ಉಣುಗುಗಳು ಕೆಳಗಿಳಿದು ಸುತ್ತಲಿನ ನೆಲವನ್ನು ಅಪಾಯದ ಬೀಡಾಗಿ ಮಾಡುತ್ತವೆ. ಸತ್ತ ಮಂಗದ ವಾಸನೆ ಮನೆಯ ಯಜಮಾನನಿಗೆ ತಿಳಿಯುವ ಮೊದಲೇ ನಾಯಿಗೆ ತಿಳಿದಿರುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ. ನಾಯಿಯೇ ಈ ಜ್ವರದ ಮೂಲವೆಂದು ದೂರಿ ಅದನ್ನು ಮನೆಯಿಂದ ಅಟ್ಟುವುದಕ್ಕೆ ಯಾವ ಆಧಾರವೂ ಇಲ್ಲ. ಮನುಷ್ಯನಿಂದ ಮನುಷ್ಯನಿಗೂ ಅದು ಹರಡುವುದಿಲ್ಲ. ನಾಯಿಯಿಂದ ಬರುವ ಕೇಡು ಅದರ ರೋಮದ ಮರೆಯಲ್ಲಿ ಕುಳಿತು ಅಂಗಳಕ್ಕೆ ಬರುವ ಉಣುಗಿನದು. ಸೊಪ್ಪಿಗೂ ದರಗಿಗೂ ಕಾಡಿಗೆ ಹೋಗುವ ಆಳು ಕೈಕಾಲಿಗೆ ಡೇಪಾ ತೈಲ ಹಚ್ಚಿಕೊಂಡು, ಹಿಂದಿರುಗಿ ಬಿಸಿನೀರು ಮೀಯುತ್ತಾನೆ. ಅವನ ಹಿಂದೆಯೇ ಹೋಗಿ ಬಂದ ನಾಯಿಯನ್ನು ಯಾರೂ ತಡವಿ ನೋಡುವುದಿಲ್ಲ.

ಇಷ್ಟಾದರೂ ನಾವು ನಾಯಿಯನ್ನು ಕಾಡಿನ ಅಂಚಿಗೆ ಕೈಯಾರೆ ಅಟ್ಟುತ್ತೇವೆ. ಬಾಳೆ, ಏಲಕ್ಕಿ, ಎಳನೀರು, ಕೋಕೋ, ಒಂದನ್ನೂ ಉಳಿಸದ ಮಂಗಗಳ ಹಾವಳಿಯಿಂದ ಬೇಸತ್ತ ಬೆಳೆಗಾರನಿಗೆ ಅಗ್ಗವಾಗಿ ಒದಗುವ ಕಾವಲುಗಾರ ನಾಯಿಯೊಂದೇ. ಆದುದರಿಂದ ಮರಿಯಾಗಿರುವಾಗಲೇ ಅದಕ್ಕೆ ಕಲಿಸುವ ವಿದ್ಯೆ ಒಂದು, ಮಾತು ಒಂದು: ‘ಛೂ’. ಆ ಸದ್ದು ಕಿವಿಗೆ ಬಿದ್ದೊಡನೆ ಬಾಣದಂತೆ ಹಾರುವ ನಾಯಿಯನ್ನು ಊರೆಲ್ಲ ಹೊಗಳುತ್ತದೆ. ಹಾರಿದ್ದನ್ನು ಮರಳಿ ಕರೆಯುವ ಮಾತನ್ನು ಕಲಿಸಿದವರು ಎಷ್ಟು ಮಂದಿ? ತೋಟದ ಅಂಚಿನಲ್ಲಿ ನಿಲ್ಲದೆ ಮಂಗನ ಹಿಂದೆ ಬೆಟ್ಟ ಹತ್ತುವ ನಾಯಿ ಉಣುಗಿಗೆ ಆಹಾರವಾಗುತ್ತದೆ, ಮುಸ್ಸಂಜೆಯಾದರೆ ಚಿರತೆಗೂ ಆಹಾರವಾಗುತ್ತದೆ. ನಾಯಿಯ ಶಿಕ್ಷಣವೆಂದರೆ ಕೈಕುಲುಕುವ, ಚೆಂಡು ತರುವ ಪಟ್ಟಣದ ವಿನೋದವೆಂದು ನಮ್ಮಲ್ಲಿ ಅನೇಕರ ಭಾವನೆ. ಮಲೆನಾಡಿನಲ್ಲಿ ಆ ಶಿಕ್ಷಣದ ತಿರುಳು ‘ಬಾ’ ಎಂದರೆ ಬರುವುದು, ‘ನಿಲ್ಲು’ ಎಂದರೆ ಬೇಲಿಸಾಲಿನಲ್ಲಿ ನಿಲ್ಲುವುದು, ಸತ್ತದ್ದನ್ನು ಮೂಸದೆ ಬಿಡುವುದು. ಇವನ್ನು ಕಲಿಸಲು ಗುರುಗಳು ಬೇಕಿಲ್ಲ. ಬಿಸಿಲೇರುವ ಮೊದಲು ದಿನಕ್ಕೆ ಕಾಲು ಗಂಟೆ, ಉದ್ದನೆಯ ಹಗ್ಗ, ಕರೆದಾಗ ಬಂದರೆ ರೊಟ್ಟಿಯ ಚೂರು, ಬಾರದಿದ್ದರೆ ಹಗ್ಗದ ಮೆಲ್ಲನೆಯ ಎಳೆತ, ಇಷ್ಟು ಸಾಕು. ತಡವಾಗಿ ಬಂದ ನಾಯಿಯನ್ನು ಹೊಡೆಯುವವನು ಅದಕ್ಕೆ ಬಾರದಿರುವುದನ್ನೇ ಕಲಿಸುತ್ತಾನೆ.

ಅಟ್ಟುವುದು ಬೇಡವೆಂದು ಹಗಲೆಲ್ಲ ಕಟ್ಟಿಹಾಕುವವರೂ ಉಂಟು. ಕಟ್ಟುವುದಾದರೆ ಎಲ್ಲಿ ಎಂಬುದು ಮುಖ್ಯ. ನಾಯಿಯ ಮೈ ಬೆವರುವುದು ತೀರ ಸ್ವಲ್ಪ. ಅದು ತೇಕಿಯೇ ತಣ್ಣಗಾಗಬೇಕು. ಗಾಳಿಯಲ್ಲಿ ತೇವ ತುಂಬಿದಾಗ ತೇಕುವುದರಿಂದಲೂ ಮೈಯ ಕಾವು ಇಳಿಯದು. ಏಪ್ರಿಲಿನ ಮೊದಲ ಗುಡುಗುಮಳೆಗಳ ನಡುವಣ ಸೆಕೆ ಇಂಥದೇ. ಉಷ್ಣಮಾಪಕ ತೋರಿಸುವ ಅಂಕಿ ಬಯಲುಸೀಮೆಗಿಂತ ಕಡಮೆಯೆಂದು ನೆಮ್ಮದಿಯಿಂದಿರುವಂತಿಲ್ಲ. ತಗಡಿನ ಮಾಡಿನ ಕೆಳಗೆ ಸರಪಣಿ ಹಾಕಿದ ನಾಯಿ ಜೊಲ್ಲು ಸುರಿಸುತ್ತ ತೂರಾಡತೊಡಗಿದರೆ, ಒಡನೆಯೇ ನೆರಳಿಗೆ ತಂದು ಹೊಟ್ಟೆ ಕಾಲುಗಳಿಗೆ ಬಾವಿಯ ನೀರು ಹೊಯ್ದು ಗಾಳಿ ಬೀಸಿ, ಬಳಿಕ ವೈದ್ಯರಲ್ಲಿಗೆ ಒಯ್ಯಬೇಕು. ಅಟ್ಟದ ಕೆಳಗಿನ ತಂಪು ನೆಲ, ಹಲಸಿನ ಮರದ ನೆರಳು, ಮಗುಚದ ಕಲ್ಲಿನ ಮರಿಗೆಯಲ್ಲಿ ನೀರು ಇವು ಯಾವ ಮನೆಗೂ ದುಬಾರಿಯಲ್ಲ.

ಉಣುಗಿನ ಮದ್ದಿನ ವಿಷಯದಲ್ಲಿ ನಮ್ಮವರ ಉತ್ಸಾಹ ಕೆಲವೊಮ್ಮೆ ರೋಗಕ್ಕಿಂತ ಭಯಂಕರ. ತೋಟಕ್ಕೆ ತಂದ ಕೀಟನಾಶಕವನ್ನೇ ನಾಯಿಯ ಮೈಗೆ ಬಳಿಯುವುದು, ದನಕ್ಕೆಂದು ಕೊಟ್ಟ ಐವರ್ಮೆಕ್ಟಿನ್ ಮದ್ದನ್ನು ತೂಕ ನೋಡದೆ ನಾಯಿಗೆ ಚುಚ್ಚುವುದು, ಇವೆರಡೂ ಪ್ರಾಣಕ್ಕೆ ಕುತ್ತು. ನಾಯಿಗೆ ಹಚ್ಚುವ ಪರ್ಮೆಥ್ರಿನ್ ಬೆಕ್ಕಿಗೆ ವಿಷವೆಂಬುದು ಅನೇಕರಿಗೆ ತಿಳಿಯದು. ಮದ್ದು ಹಚ್ಚಿದ ನಾಯಿಯ ಮಗ್ಗುಲಲ್ಲಿ ಬೆಕ್ಕು ಮಲಗುವ ಮನೆಯಲ್ಲಿ ಇದನ್ನು ಮರೆಯಬಾರದು. ನಾಯಿಗೆ ತಕ್ಕ ಮದ್ದನ್ನು ಪಶುವೈದ್ಯರಿಂದ ಕೇಳಿ ಪಡೆಯಬೇಕು. ಸಂಜೆಗೊಮ್ಮೆ ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಹುಡುಕಿ, ಕಂಡ ಉಣುಗನ್ನು ಚರ್ಮಕ್ಕೆ ತಾಗಿದಂತೆ ಚಿಮಟದಲ್ಲಿ ಹಿಡಿದು ಕಿತ್ತು ಸಾಬೂನಿನ ನೀರಿಗೆ ಹಾಕಬೇಕು. ಬರಿಗೈಯ ಉಗುರಿನಲ್ಲಿ ಹೊಸಕುವ ಹಳೆಯ ರೂಢಿ ಸಲ್ಲದು. ಉಣುಗು ನಾಯಿಯನ್ನೂ ಬಿಡುವುದಿಲ್ಲ: ಅನ್ನ ಬಿಟ್ಟು ಜ್ವರದಿಂದ ಮಲಗಿದ, ಒಸಡು ಬಿಳಿಚಿದ, ಮೂತ್ರ ಕಪ್ಪೇರಿದ ನಾಯಿಗೆ ಬಿಸಿಲು ತಾಕಿತೆಂದು ಮಜ್ಜಿಗೆ ಕುಡಿಸುತ್ತ ಕೂರುವುದರಲ್ಲಿ ಅರ್ಥವಿಲ್ಲ. ಅದು ರಕ್ತಕಣಗಳನ್ನೇ ನಾಶಮಾಡುವ ಉಣುಗು ಜ್ವರವಿರಬಹುದು.

ಇನ್ನು ಸರಕಾರದ ಮಾತು. ಮನುಷ್ಯನ ಜ್ವರ ಆರೋಗ್ಯ ಇಲಾಖೆಗೆ, ದನದ ಉಣುಗು ಪಶುವೈದ್ಯ ಇಲಾಖೆಗೆ, ಸತ್ತ ಮಂಗ ಅರಣ್ಯ ಇಲಾಖೆಗೆ ಸೇರಿದ್ದು. ಉಣುಗಿಗೆ ಈ ವಿಂಗಡಣೆ ತಿಳಿಯದು. ಮನುಷ್ಯರಿಗೆ ದಶಕಗಳಿಂದ ಹಾಕುತ್ತಿದ್ದ ಲಸಿಕೆಯನ್ನು, ಸಾಕಷ್ಟು ಫಲಕಾರಿಯಲ್ಲವೆಂದು 2022ರಲ್ಲಿ ನಿಲ್ಲಿಸಲಾಯಿತು. ಹೊಸದನ್ನು ಸಿದ್ಧಪಡಿಸುವ ಕಾರ್ಯವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೊಂಡಿದೆ. ಅದು ಜನರ ಕೈಸೇರುವವರೆಗೆ ಉಣುಗನ್ನು ಮೈಯಿಂದ ದೂರವಿರಿಸುವುದೇ ಇರುವ ದಾರಿ. ಹೀಗಿರುವಾಗ ಕೊಟ್ಟಿಗೆಯ ದನಕ್ಕೆ ಮದ್ದು ಹಾಕಲು ಬಂದ ಸಿಬ್ಬಂದಿ ಜಗುಲಿಯ ನಾಯಿಯನ್ನೂ ನೋಡಿ ಹೋಗುವಂತೆ ಏರ್ಪಾಟು ಮಾಡುವುದು ಅಷ್ಟೇನು ಕಷ್ಟ? ಅದೇ ಸುತ್ತಿನಲ್ಲಿ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಬಹುದು. ಮನುಷ್ಯರ ಹುಚ್ಚುನಾಯಿ ರೋಗವನ್ನು ಕರ್ನಾಟಕ ಸರಕಾರವು 2022ರಲ್ಲಿಯೇ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿದೆ. 2030ರ ಹೊತ್ತಿಗೆ ನಾಯಿಯಿಂದ ಬರುವ ಈ ರೋಗವನ್ನು ನಿರ್ಮೂಲ ಮಾಡುವ ರಾಷ್ಟ್ರೀಯ ಯೋಜನೆಯೂ ಇದೆ. ಮರಿಗೆ ಮೂರು ತಿಂಗಳಾದಾಗ ಒಂದು, ಆಮೇಲೆ ವರುಷಕ್ಕೊಂದು ಚುಚ್ಚುಮದ್ದು ಸಾಕು. ಕಾಡಿನ ನರಿಯೊಡನೆ ಕಚ್ಚಾಡಿ ಬರುವ ನಾಯಿಗೆ ಇದು ಪಟ್ಟಣದ ನಾಯಿಗಿಂತ ಹೆಚ್ಚು ಅವಶ್ಯ.

ಈ ಕೆಲಸಕ್ಕೆ ಫೆಬ್ರವರಿಯವರೆಗೆ ಕಾಯುವಂತಿಲ್ಲ. ಎಳೆಯ ಉಣುಗು ತರಗೆಲೆಗೆ ಬರುವ ಮೊದಲೇ, ಎಂದರೆ ದೀಪಾವಳಿ ಕಳೆದು ಅಡಕೆಯ ಕೊಯಿಲು ಬಿರುಸಾಗುವ ವೇಳೆಗೆ, ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ಮನೆಗಳ ನಾಯಿಗಳನ್ನು ಎಣಿಸಿ ಪಟ್ಟಿ ಮಾಡಿ ಪಶುವೈದ್ಯರ ಕೈಗೆ ಕೊಡಬೇಕು. ಒಂಟಿಮನೆಗಳ ಊರಿನಲ್ಲಿ ಯಾರ ಮನೆಯಲ್ಲಿ ಎಷ್ಟು ನಾಯಿಗಳಿವೆಯೆಂಬುದು ಹಾಲಿನ ಡೈರಿಗೆ ಬರುವವರಿಗೆಲ್ಲ ಗೊತ್ತೇ ಇರುತ್ತದೆ.