ಓಡುವ ಲಾರಿಗೆ ಫೋನ್ ಮಾಡುವವರು ಯಾರು?

ರಾಣೆಬೆನ್ನೂರಿನ ಹತ್ತಿರ ಹೆದ್ದಾರಿ ಪಕ್ಕದ ಡಾಬಾವೊಂದರಲ್ಲಿ ಕಳೆದ ತಿಂಗಳು ನಾವು ಮೂವರು ಚಹಾ ಕುಡಿಯುತ್ತಾ ಕೂತಿದ್ದೆವು. ಕೋಲಾರದಲ್ಲಿ ಟೊಮೆಟೊ ತುಂಬಿಕೊಂಡು ಮುಂಬೈಗೆ ಹೊರಟಿದ್ದ ಚಾಲಕರೊಬ್ಬರು ನಮ್ಮ ಎದುರಿಗೇ ಊಟಕ್ಕೆ ಕೂತರು. ಅವರು ಊಟ ಮುಗಿಸುವುದರೊಳಗೆ ಫೋನ್ ಏಳು ಸಲ ಬಡಿದುಕೊಂಡಿತು. ಮಾಲೀಕರು ಎರಡು ಸಲ, ಲೋಡ್ ಕೊಡಿಸಿದ ಏಜೆಂಟ್ ಮೂರು ಸಲ, ಸರಕು ಇಳಿಸಿಕೊಳ್ಳುವ ಮಂಡಿಯವರು ಒಂದು ಸಲ, ಮನೆಯವರು ಒಂದು ಸಲ. ಮನೆಯವರು ‘ಊಟ ಆಯ್ತಾ’ ಎಂದು ಕೇಳಿದರು. ಉಳಿದವರೆಲ್ಲ ಕೇಳಿದ್ದು ಒಂದೇ: ‘ಎಲ್ಲಿದೀಯಾ, ಎಷ್ಟೊತ್ತಿಗೆ ಬರ್ತೀಯಾ?’

‘ಗಾಡಿ ಓಡಿಸುವಾಗಲೂ ಹೀಗೇನಾ ಅಣ್ಣಾ?’ ಎಂದು ಕೇಳಿದೆವು. ‘ಇನ್ನೇನು? ಎತ್ತಲಿಲ್ಲ ಅಂದ್ರೆ ಮುಂದಿನ ಲೋಡು ಬೇರೆಯವ್ರಿಗೆ ಹೋಗುತ್ತೆ’ ಎಂದರು.

ಚಾಲಕರು ಫೋನಿನಲ್ಲಿ ಮಾತಾಡುತ್ತಾ ಲಾರಿ ಓಡಿಸುವುದು ತಪ್ಪು. ಅದರಲ್ಲಿ ನಮಗೆ ಎರಡು ಮಾತಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಲಾರಿ ಐದು ಸೆಕೆಂಡಿನಲ್ಲಿ 83 ಮೀಟರ್ ಮುಂದೆ ಹೋಗಿರುತ್ತದೆ. ಯಾರ ಕರೆ ಎಂದು ನೋಡಿ, ಎತ್ತಿ, ಕಿವಿಗೆ ಹಿಡಿಯುವಷ್ಟರಲ್ಲಿ ಚಾಲಕ ಅಷ್ಟು ದೂರ ರಸ್ತೆಯನ್ನೇ ನೋಡಿರುವುದಿಲ್ಲ. ಆ ದೂರದಲ್ಲಿ ಊರಿನ ಕ್ರಾಸ್ ಇರಬಹುದು, ದೀಪವಿಲ್ಲದ ಟ್ರ್ಯಾಕ್ಟರ್ ಇರಬಹುದು, ಶಾಲೆ ಬಿಟ್ಟು ರಸ್ತೆ ದಾಟುವ ಮಕ್ಕಳಿರಬಹುದು. ಹೆದ್ದಾರಿ ಪಕ್ಕದ ಹಳ್ಳಿಗಳಲ್ಲಿ ಹುಟ್ಟಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಇಯರ್‌ಫೋನ್ ಹಾಕಿಕೊಂಡರೆ ಕೈ ಖಾಲಿಯಾಗುತ್ತದೆ, ತಲೆ ಖಾಲಿಯಾಗುವುದಿಲ್ಲ. ಬಾಡಿಗೆ ಬಾಕಿಯ ಜಗಳ ಕಿವಿಯಲ್ಲಿ ನಡೆಯುತ್ತಿರುವಾಗ ಕಣ್ಣು ರಸ್ತೆಯ ಮೇಲಿದ್ದೂ ಪ್ರಯೋಜನವಿಲ್ಲ.

ಕಾನೂನೂ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನ ಪ್ರಕಾರ ಮೊಬೈಲ್ ಕೈಯಲ್ಲಿ ಹಿಡಿದು ವಾಹನ ಓಡಿಸುವುದು ಅಪಾಯಕಾರಿ ಚಾಲನೆ. ಮೊದಲ ಸಲಕ್ಕೇ 1,000ದಿಂದ 5,000 ರೂಪಾಯಿವರೆಗೆ ದಂಡ ಹಾಕಬಹುದು, ಜೈಲಿಗೂ ಕಳಿಸಬಹುದು. ಆದರೆ ಈ ಶಿಕ್ಷೆಯೆಲ್ಲ ಕರೆ ಎತ್ತಿದವನಿಗೆ. ಲಾರಿ ಓಡುತ್ತಿದೆ ಎಂದು ಗೊತ್ತಿದ್ದೂ ಹತ್ತು ಸಲ ಕರೆ ಮಾಡಿದವನನ್ನು ಕೇಳುವವರಿಲ್ಲ.

ಹಿಂದೆ ಲಾರಿಯಲ್ಲಿ ಒಬ್ಬ ಕ್ಲೀನರ್ ಇರುತ್ತಿದ್ದ. ದಾರಿ ಕೇಳುವುದು, ಟಾರ್ಪಾಲು ನೋಡುವುದು, ಚಾಲಕನ ಕಣ್ಣು ಎಳೆಯುವಾಗ ಮಾತಾಡಿಸುವುದು ಅವನ ಕೆಲಸ. ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಚಾಲಕರಿರಬೇಕು ಎಂಬ ನಿಯಮವೂ ಇತ್ತು. 2018ರಲ್ಲಿ ಅದನ್ನು ಸಡಿಲಿಸಿ ಒಬ್ಬರು ಸಾಕು ಎಂದಾಯಿತು. ಡೀಸೆಲ್, ಟೋಲ್ ಕಳೆದು ಉಳಿಯುವುದೇ ಕಡಿಮೆ ಎಂದು ಮಾಲೀಕರು ಕ್ಲೀನರನನ್ನೂ ಬಿಟ್ಟರು. ಈಗ ಅವನ ಜಾಗದಲ್ಲಿ ಫೋನ್ ಇದೆ. ದಾರಿ ತೋರಿಸುವುದೂ ಅದೇ, ನಿದ್ದೆ ಬಾರದಂತೆ ಮಾತಾಡಿಸುವುದೂ ಅದೇ. ಆ ಡಾಬಾದ ಚಾಲಕರು ಇನ್ನೊಂದು ಮಾತನ್ನೂ ಹೇಳಿದರು: ‘ರಾತ್ರಿ ಎರಡು ಗಂಟೆಗೆ ಯಾರ ಜೊತೆಗಾದ್ರೂ ಮಾತಾಡ್ತಾ ಇರದಿದ್ರೆ ನಿದ್ದೆ ಎಳೆದುಬಿಡುತ್ತೆ.’ ಫೋನ್ ಕಿತ್ತುಕೊಂಡು ನಿದ್ದೆಯನ್ನು ಹಾಗೇ ಬಿಟ್ಟರೆ ಅಪಾಯ ಕಡಿಮೆಯಾಗುವುದಿಲ್ಲ.

ದಿನಕ್ಕೆ ಎಂಟು ಗಂಟೆ ದುಡಿಮೆ, ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿಶ್ರಾಂತಿ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಬರೆದಿತ್ತು. ಆದರೆ ಅದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗಾಗಿ ಮಾಡಿದ ಕಾಯ್ದೆ. ಒಂದೋ ಎರಡೋ ಲಾರಿ ಇಟ್ಟುಕೊಂಡವರ ಚಾಲಕರಿಗೆ ಅದರ ನೆರಳು ಬೀಳಲೇ ಇಲ್ಲ.

ಹಾಗಾದರೆ ಏನು ಮಾಡಬಹುದು? ಖರ್ಚಿಲ್ಲದ ಕೆಲಸದಿಂದ ಶುರು ಮಾಡೋಣ. ಲಾರಿ ಎಲ್ಲಿದೆ ಎಂದು ತಿಳಿಯಲು ಮಾಲೀಕರು ಚಾಲಕನನ್ನು ಕೇಳಬೇಕಾಗಿಯೇ ಇಲ್ಲ. ಫಾಸ್ಟ್ಯಾಗ್ ಬಂದ ಮೇಲೆ ಹೆಬ್ಬಾಳು ಟೋಲ್ ದಾಟಿದರೂ, ಚಳಗೇರಿ ಟೋಲ್ ದಾಟಿದರೂ ಹಣ ಕಡಿತದ ಮೆಸೇಜ್ ಸಾಮಾನ್ಯವಾಗಿ ಮಾಲೀಕರ ಮೊಬೈಲಿಗೇ ಬರುತ್ತದೆ. ಅದನ್ನೇ ಏಜೆಂಟರಿಗೂ ಮಂಡಿಗೂ ಕಳಿಸಿದರೆ ಅರ್ಧ ಕರೆಗಳು ತಾವಾಗಿಯೇ ನಿಲ್ಲುತ್ತವೆ. ಮಾತಾಡಲೇಬೇಕಿದ್ದರೆ ಚಾಲಕ ಗಾಡಿ ನಿಲ್ಲಿಸಿದಾಗ ತಾನೇ ಕರೆ ಮಾಡುತ್ತಾನೆ ಎಂಬ ಮಾತು ಲೋಡ್ ತುಂಬುವಾಗಲೇ ಆಗಿರಲಿ. ಕರೆ ಎತ್ತಲಿಲ್ಲ ಎಂಬ ಕಾರಣಕ್ಕೆ ಮುಂದಿನ ಲೋಡ್ ತಪ್ಪಿಸುವುದಿಲ್ಲ ಎಂದು ಏಜೆಂಟರು ಬಾಯಿಬಿಟ್ಟು ಹೇಳಲಿ. ಎಪಿಎಂಸಿ ಗೇಟಿನಲ್ಲಿ ದರದ ಬೋರ್ಡ್ ಪಕ್ಕ ಇದನ್ನೂ ಒಂದು ಸಾಲು ಬರೆಸಿದರೆ ತಪ್ಪೇನು? ರಾತ್ರಿ ಪ್ರಯಾಣದ ದೂರದ ಲೋಡಿಗೆ ಇನ್ನೊಬ್ಬರನ್ನು ಕಳಿಸಲು ಖರ್ಚಾಗುತ್ತದೆ, ನಿಜ. ಆ ಖರ್ಚನ್ನು ಬಾಡಿಗೆಯಲ್ಲಿ ಸೇರಿಸಿಕೊಡಲು ಸರಕು ಕಳಿಸುವವರು ಒಪ್ಪಬೇಕು.

ಸರಕು ಕಳಿಸುವವರು ಎಂದರೆ ನಮ್ಮ ಮನೆಯವರೂ ಹೌದು. ಟೊಮೆಟೊ, ಹೂವು, ಮೆಣಸಿನಕಾಯಿ ಲಾರಿಗೆ ಹಾಕಿದ ಮೇಲೆ ರೇಟ್ ಬೀಳುವುದರೊಳಗೆ ತಲುಪಲಿ ಎಂದು ಚಡಪಡಿಸಿ ಫೋನ್ ಮಾಡುವವರಲ್ಲಿ ನಮ್ಮ ಅಪ್ಪಂದಿರೂ ಅಣ್ಣಂದಿರೂ ಇದ್ದಾರೆ. ಆ ಆತಂಕ ನಮಗೆ ಅರ್ಥವಾಗುತ್ತದೆ. ‘ಗಾಡಿ ಓಡ್ತಾ ಇದೆಯಾ?’ ಎಂದು ಮೊದಲು ಕೇಳಿ, ಹೌದೆಂದರೆ ತಕ್ಷಣ ಇಟ್ಟುಬಿಡುವುದು ಅವರಿಗೂ ಸಾಧ್ಯ.

ನಮ್ಮ ಕಸುಬಿನ ತಪ್ಪನ್ನೂ ಒಪ್ಪಿಕೊಳ್ಳಬೇಕು. ‘ಚಾಲಕನ ನಿಯಂತ್ರಣ ತಪ್ಪಿ ಲಾರಿ ಪಲ್ಟಿ’ ಎಂದು ನಾವು ಎಷ್ಟೋ ಸಲ ಬರೆದು ಕಳಿಸಿದ್ದೇವೆ. ಚಾಲಕ ಎಷ್ಟು ಹೊತ್ತಿನಿಂದ ಓಡಿಸುತ್ತಿದ್ದ, ಜೊತೆಗೆ ಯಾರಿದ್ದರು, ಆ ಹೊತ್ತಿನಲ್ಲಿ ಕರೆ ಬಂದಿತ್ತೇ, ಯಾರದು ಎಂದು ಠಾಣೆಯಲ್ಲಿ ಕೇಳಿದ್ದು ಕಡಿಮೆ. ಇನ್ನು ಮುಂದೆ ಅಪಘಾತದ ಸುದ್ದಿ ಬರೆಯುವಾಗ ಈ ನಾಲ್ಕು ಪ್ರಶ್ನೆ ಕೇಳದೆ ಕಾಪಿ ಕಳಿಸುವುದಿಲ್ಲ ಎಂದು ನಮ್ಮ ಬಳಗ ತೀರ್ಮಾನಿಸಿದೆ. ಜಿಲ್ಲೆಗಳಲ್ಲಿ ಕೆಲಸ ಮಾಡುವ ಇತರ ಗೆಳೆಯರೂ ಜೊತೆಗೂಡಲಿ.